ಲಂಡನ್ ಮುದ್ರೆಯ ಬೆಳ್ಳಿ ಕೈಗಡಿಯಾರ: ನಿಜವಾಗಿ ಇಂಗ್ಲಿಷರದ್ದೇನಾ?

ಬೆಳ್ಳಿಕೇಸು
ಎಲ್ಲರಿಗೂ ನಮಸ್ಕಾರ. ಪರಿಚಯದವರೊಬ್ಬರು ಹಳೇ ಕೈಗಡಿಯಾರ ಮಾರ್ತಿದ್ದಾರೆ. ಬೆಳ್ಳಿ ಕೇಸು, ಬಿಳಿ ಎನಾಮಲ್ ಡಯಲ್, 12 ಮಾತ್ರ ಕೆಂಪಕ್ಷರದಲ್ಲಿ. ಪಟ್ಟಿ ಸೇರಿಸೋಕೆ ಈಗಿನ ಹಾಗೆ ಸ್ಪ್ರಿಂಗ್ ಬಾರ್ ಇಲ್ಲ, ತಂತಿ ಬಗ್ಗಿಸಿ ಕೇಸಿಗೇ ಬೆಸೆದಿದ್ದಾರೆ. ಡಯಲ್ ಮೇಲೆ ಯಾವ ಕಂಪನಿ ಹೆಸರೂ ಇಲ್ಲ. ಹಿಂದಿನ ಮುಚ್ಚಳದ ಒಳಗಡೆ ·925 ಅಂತಿದೆ, 'ಜಿ.ಎಸ್.' ಅಂತ ಎರಡಕ್ಷರ, ಪಕ್ಕದಲ್ಲಿ ಒಂದು ಒಂಟಿ ಅಕ್ಷರ, ಇನ್ನೊಂದು ಲಾಳದ ಆಕಾರದ ಗುರುತು. "ಅಪ್ಪಟ ಇಂಗ್ಲಿಷ್ ಮೇಕು, ಮೊದಲನೇ ಮಹಾಯುದ್ಧದ್ದು, ಲಂಡನ್ ಹಾಲ್‌ಮಾರ್ಕೇ ಇದೆಯಲ್ಲ" ಅಂತ ಒಳ್ಳೇ ಬೆಲೆ ಹೇಳ್ತಿದ್ದಾರೆ. ನಂಬಬಹುದಾ? ಆ ಕಾಲದಲ್ಲಿ ಇಂಗ್ಲಿಷರು ಕೈಗಡಿಯಾರ ಮಾಡ್ತಿದ್ರಾ?

ಹಳೇಮಷೀನು
ಮುದ್ರೆ ಲಂಡನ್ನಿನದೇ, ವಾಚು ಸ್ವಿಸ್.

1907ರ ಜೂನ್ 1ರಿಂದ ಬ್ರಿಟನ್ನಿಗೆ ಬರುವ ಚಿನ್ನ, ಬೆಳ್ಳಿಯ ವಿದೇಶಿ ವಾಚ್ ಕೇಸನ್ನೂ ಅಲ್ಲಿನ ಅಸೇ ಕಚೇರಿಗೆ ಕೊಟ್ಟು ಶುದ್ಧತೆ ಪರೀಕ್ಷೆ ಮಾಡಿಸಿ ಮುದ್ರೆ ಒತ್ತಿಸಬೇಕಿತ್ತು. ಹಾಗಾಗಿ ಅಲ್ಲಿಂದಾಚೆ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಸಾವಿರಾರು ಬೆಳ್ಳಿ ಕೇಸುಗಳ ಹೊಟ್ಟೆಯೊಳಗೆ ಲಂಡನ್, ಗ್ಲಾಸ್ಗೋ, ಬರ್ಮಿಂಗ್‌ಹ್ಯಾಮ್ ಮುದ್ರೆ ಸಿಗುತ್ತದೆ. ನಿಮ್ಮ 'ಜಿ.ಎಸ್.' ಅಂದರೆ ಜಾರ್ಜ್ ಸ್ಟಾಕ್‌ವೆಲ್. ಅವರು ವಾಚು ಮಾಡಿದವರಲ್ಲ. ಸ್ಟಾಕ್‌ವೆಲ್ ಕಂಪನಿ ಸರಕು ಸಾಗಿಸುವ ಏಜೆಂಟು. ಸ್ವಿಸ್ ಕಾರ್ಖಾನೆಗಳ ಪರವಾಗಿ ಕೇಸುಗಳನ್ನು ಅಸೇ ಕಚೇರಿಗೆ ಒಪ್ಪಿಸುತ್ತಿದ್ದವರು, ಅದಕ್ಕೆ ಅವರ ಗುರುತು.

ಲಾಳದ ಆಕಾರ ಅಂದಿರಲ್ಲ, ಅದು ಸಿಂಹರಾಶಿಯ ಚಿಹ್ನೆ. 1906ರಿಂದ ಲಂಡನ್ ಕಚೇರಿ ಆಮದು ಮಾಲಿಗೆ ಒತ್ತುತ್ತಿದ್ದ ಗುರುತು ಅದೇ. ಬರ್ಮಿಂಗ್‌ಹ್ಯಾಮಿನದಾದರೆ ತ್ರಿಕೋನ ಇರುತ್ತೆ. ಇಂಗ್ಲೆಂಡಿನಲ್ಲೇ ಮಾಡಿದ ಬೆಳ್ಳಿಗೆ ಬೇರೆ ಸಿಂಹ: ಪಕ್ಕಕ್ಕೆ ನಡೆಯುತ್ತಿರುವ, ಮುಂಗಾಲೊಂದನ್ನು ಎತ್ತಿದ ಸಿಂಹ. "ಸಿಂಹ ಇದೆ ಸರ್" ಅಂತ ಮಾರುವವರು ಹೇಳಿದರೆ ಯಾವ ಸಿಂಹ ಅಂತ ಕೇಳಿ. ·925 ಅಂತ ದಶಮಾಂಶದಲ್ಲಿ ಬರೆದಿದ್ದರೆ ಅದೂ ಆಮದಿನ ಸುಳಿವೇ.

ಬಿಡಿಯಾಗಿರುವ ಅಕ್ಷರ ವರ್ಷದ್ದು. ಲಂಡನ್ನಿನಲ್ಲಿ ಅಕ್ಷರ ಮೇ ತಿಂಗಳ ಕೊನೆಗೆ ಬದಲಾಗುತ್ತಿತ್ತು. 1916ರಲ್ಲಿ ಹೊಸ ಸುತ್ತು ಶುರು, ಹಳೇ ಗೋಥಿಕ್ ಶೈಲಿಯ ಚಿಕ್ಕ 'ಎ' ಇಂದ. ಯುದ್ಧಕಾಲದ್ದು ಅನ್ನುವ ಮಾತು ನಿಜವಿರಬಹುದು, ಫೋಟೋ ಹಾಕಿ ನೋಡೋಣ.

ನೇರಮಾತು
ಬರೀ ಕೇಸು ನೋಡಿ ಹೇಗೆ ಹೇಳ್ತೀರಿ? ಕೇಸು ಇಂಗ್ಲಿಷರದ್ದಾಗಿ ಒಳಗೆ ಸ್ವಿಸ್ ಮಷೀನು ಇರಬಹುದಲ್ಲ? ಡೆನ್ನಿಸನ್ ಕೇಸುಗಳೆಲ್ಲ ಹಾಗೇ ಅಲ್ವಾ?

ಹಳೇಮಷೀನು
ಸರಿಯಾದ ಮಾತು. ಏರನ್ ಡೆನ್ನಿಸನ್ ಅಮೆರಿಕದವರು, ವಾಲ್ಥಮ್ ಕಂಪನಿ ಕಟ್ಟಿದವರಲ್ಲೊಬ್ಬರು, ಆಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದು ಕೇಸು ಮಾಡೋಕೆ ನಿಂತರು. ರೋಲೆಕ್ಸ್, ಒಮೆಗಾ ಮಷೀನುಗಳೂ ಅವರ ಕೇಸಿನಲ್ಲಿ ಕೂತಿವೆ. ಅಂಥದ್ದಕ್ಕೆ ನಡೆಯುವ ಸಿಂಹವೇ ಇರುತ್ತೆ, ಆದರೂ ವಾಚು ಇಂಗ್ಲಿಷ್ ಅಲ್ಲ. ಕೊನೆಗೆ ಮಷೀನು ನೋಡಲೇಬೇಕು. ಅದನ್ನು ಹೇಳೋಕೆ ನಮ್ಮ ತುಮಕೂರಿನ ರಾಯರೇ ಸರಿ.

ತುಮಕೂರು_ನಿವೃತ್ತ
ಕರೆದಿದ್ದಕ್ಕೆ ಬಂದೆ. ನಾನು ಎಚ್‌ಎಂಟಿಯಲ್ಲಿ ಅಸೆಂಬ್ಲಿ ವಿಭಾಗದಲ್ಲಿದ್ದವನು. ನಮ್ಮ ಜನತಾ, ಪೈಲಟ್ ಎಲ್ಲ ಜಪಾನಿನ ಸಿಟಿಜನ್ ವಿನ್ಯಾಸದ ಸಂತತಿ. ಹಳೇ ಇಂಗ್ಲಿಷ್ ಮಷೀನು ಕೈಗೆ ಬಂದಿದ್ದೆಲ್ಲ ನಿವೃತ್ತಿಯಾದ ಮೇಲೆ, ಊರಿನವರ ಜೇಬುಗಡಿಯಾರ ರಿಪೇರಿಗೆ ಅಂತ.

ಲೂಪ್ (ಭೂತಗನ್ನಡಿ) ಕಣ್ಣಿಗಿಟ್ಟು ಎಸ್ಕೇಪ್ ವೀಲಿನ, ಅಂದರೆ ಸ್ಪ್ರಿಂಗಿನ ಬಲವನ್ನು ಒಂದೊಂದೇ ಹಲ್ಲಾಗಿ ಬಿಡುವ ಚಕ್ರದ, ಹಲ್ಲು ನೋಡಿ. ಇಂಗ್ಲಿಷ್ ಲಿವರಿನಲ್ಲಿ ಹಲ್ಲು ಮೊನಚು, ಗರಗಸದ ಹಲ್ಲಿನ ಥರ ತುದಿ ಚೂಪು. ಸ್ವಿಸ್ ಲಿವರಿನಲ್ಲಿ ತುದಿ ಅಗಲ, ಇಳಿಜಾರಾಗಿ ಕತ್ತರಿಸಿರುತ್ತಾರೆ. ಇದು ಬರೀ ನೋಟದ ವ್ಯತ್ಯಾಸ ಅಲ್ಲ. ಚಕ್ರ ಪ್ಯಾಲೆಟ್ಟನ್ನು, ಅಂದರೆ ಹಲ್ಲನ್ನು ತಡೆದು ಬಿಡುವ ಲಿವರಿನ ಕವಲನ್ನು, ತಳ್ಳುವಾಗ ಆ ತಳ್ಳು ಎಲ್ಲಿಂದ ಹುಟ್ಟಬೇಕು? ಇಂಗ್ಲಿಷ್ ಪದ್ಧತಿಯಲ್ಲಿ ಇಳಿಜಾರು ಪೂರ್ತಿ ಪ್ಯಾಲೆಟ್ ಕಲ್ಲಿನ ಮೇಲೆ. ಹಲ್ಲಿನ ಚೂಪು ತುದಿ ಆ ಕಲ್ಲಿನ ಮೇಲೆ ಜಾರುತ್ತಾ ಹೋಗುತ್ತೆ. ಸ್ವಿಸ್ ಪದ್ಧತಿಯಲ್ಲಿ ಆ ಕೆಲಸ ಹಂಚಿಕೆ: ಅರ್ಧ ಕಲ್ಲು, ಅರ್ಧ ಹಲ್ಲು. ಅಗಲ ತುದಿಯಲ್ಲಿ ಎಣ್ಣೆ ನಿಲ್ಲುತ್ತೆ. ಚೂಪು ತುದಿಯಲ್ಲಿ ಅಷ್ಟು ನಿಲ್ಲಲ್ಲ, ಬೇಗ ಸವೆಯುತ್ತೆ, ಪೆಟ್ಟು ಬಿದ್ದರೆ ಬಾಗುತ್ತೆ.

ಎರಡನೇದು ಜೋಡಣೆ. ಎಸ್ಕೇಪ್ ವೀಲು, ಪ್ಯಾಲೆಟ್ಟು, ಬ್ಯಾಲೆನ್ಸು (ಆಕಡೆ ಈಕಡೆ ತೂಗುವ ಚಕ್ರ), ಈ ಮೂರರ ಅಚ್ಚು ಒಂದೇ ಗೆರೆಯಲ್ಲಿದ್ದರೆ ಸಾಮಾನ್ಯವಾಗಿ ಸ್ವಿಸ್. ಮೂಲೆ ತಿರುಗಿದ ಹಾಗೆ ಲಂಬಕೋನದಲ್ಲಿದ್ದರೆ ಇಂಗ್ಲಿಷ್ ಅನ್ನೋ ಅನುಮಾನ ಪಡಬಹುದು. ಇದೊಂದನ್ನೇ ನಂಬಬೇಡಿ, ಲಂಬಕೋನದ ಸ್ವಿಸ್ ಮಷೀನುಗಳೂ ಇವೆ. ಹಲ್ಲು ಸುಳ್ಳು ಹೇಳೋದು ಕಡಿಮೆ.

ಬೆಳ್ಳಿಕೇಸು
ರಾಯರೇ, ಹಿಂದಿನ ಮುಚ್ಚಳ ತೆಗೆಸಿ ನೋಡಿದೆ. ಹಲ್ಲು ಅಗಲ ತುದಿಯದ್ದೇ. ಮೂರೂ ಅಚ್ಚು ಒಂದೇ ಸಾಲಿನಲ್ಲಿವೆ. ನಿಕಲ್ ಬಣ್ಣದ ಮಷೀನು, 15 ಜ್ಯೂಯೆಲ್ಸ್ (ಸವೆಯದಂತೆ ಕೂರಿಸುವ ಕಲ್ಲು) ಅಂತ ಕೆತ್ತಿದ್ದಾರೆ. ಸ್ವಿಸ್ ಅಂತ ತಿಳ್ಕೊಂಡೆ. ಹಾಗಾದ್ರೆ ಇಂಗ್ಲಿಷರದ್ದು ಅನ್ನೋದು ಇರಲೇ ಇಲ್ವಾ?

ಕೊವೆಂಟ್ರಿವಾಸಿ
ಇತ್ತು, ಬಹಳ ಕಡಿಮೆ. ನಾನಿರೋದು ಕೊವೆಂಟ್ರಿಯಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಇಲ್ಲಿ ಚಾಪಲ್‌ಫೀಲ್ಡ್ಸ್ ಅಂತ ಬಡಾವಣೆ ಇದೆ. ಕ್ರೇವನ್ ಸ್ಟ್ರೀಟ್ ಕಡೆ ಹೋದರೆ ಮನೆಗಳ ಮುಂಭಾಗ ಸಾದಾ ಇಟ್ಟಿಗೆ ಸಾಲುಮನೆ. ಹಿಂಭಾಗಕ್ಕೆ ಬಂದು ನೋಡಿದರೆ ಗೋಡೆಯ ಅಗಲಕ್ಕೂ ಕಿಟಕಿ. 19ನೇ ಶತಮಾನದಲ್ಲಿ ವಾಚಿನ ಕೆಲಸದವರು ಆ ಬೆಳಕಿನಲ್ಲೇ ಬೆಂಚು ಹಾಕಿಕೊಂಡು ಕೂರುತ್ತಿದ್ದರು. ಒಂದು ಮನೆಯಲ್ಲಿ ಎಸ್ಕೇಪ್‌ಮೆಂಟ್ (ಎಸ್ಕೇಪ್ ವೀಲು, ಪ್ಯಾಲೆಟ್ಟು ಸೇರಿದ ಭಾಗ) ಮಾಡುವವರು, ಪಕ್ಕದ ಮನೆಯಲ್ಲಿ ಕೇಸಿಗೆ ಕೀಲು ಕೂರಿಸುವವರು, ಎದುರು ಮನೆಯಲ್ಲಿ ಮುಳ್ಳು ಮಾಡುವವರು. ಒಬ್ಬನೇ ಮನುಷ್ಯ ಪೂರ್ತಿ ವಾಚು ಮಾಡಿದ ಅನ್ನೋ ಮಾತು ಇಂಗ್ಲೆಂಡಿನಲ್ಲಿ ಅಪರೂಪ. ಡಯಲ್ ಮೇಲೆ ಹೆಸರು ಇರುತ್ತಿದ್ದದ್ದು ಬಹಳ ಸಲ ಅಂಗಡಿಯವರದ್ದು.

ಒಳಗಿನ ಕಚ್ಚಾ ಮಷೀನು ಬರುತ್ತಿದ್ದದ್ದು ಲ್ಯಾಂಕಶೈರಿನ ಪ್ರೆಸ್ಕಾಟ್ ಊರಿನಿಂದ. ಎರಡು ತಟ್ಟೆ, ಕಂಬಗಳು, ಒರಟು ಚಕ್ರಗಳು, ಅಷ್ಟೇ. ಅದು ಲಂಡನ್ನಿನ ಕ್ಲರ್ಕನ್‌ವೆಲ್ಲಿಗೋ ಕೊವೆಂಟ್ರಿಗೋ ಬಂದು ಕೈಯಿಂದ ಕೈಗೆ ದಾಟಿ, ಅರದಲ್ಲಿ ಉಜ್ಜಿಸಿಕೊಂಡು, ಕಲ್ಲು ಕೂರಿಸಿಕೊಂಡು, ಚಿನ್ನದ ನೀರು ಹಿಡಿಸಿಕೊಂಡು ವಾಚಾಗುತ್ತಿತ್ತು. ಫ್ಯೂಸಿಯ ಸರಪಳಿ ಹ್ಯಾಂಪ್‌ಶೈರಿನ ಕ್ರೈಸ್ಟ್‌ಚರ್ಚಿನಿಂದ. ಕುದುರೆ ಕೂದಲಿಗಿಂತ ಸ್ವಲ್ಪವೇ ದಪ್ಪ ಅನ್ನಿಸುವ ಸರಪಳಿ, ಒಂದೊಂದು ಕೊಂಡಿಯನ್ನೂ ರಿವೆಟ್ ಹೊಡೆದು ಸೇರಿಸಿದ್ದು. ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು, ಬಡಮಕ್ಕಳ ಆಶ್ರಯದಲ್ಲಿದ್ದ ಹುಡುಗಿಯರು. ಆ ಸರಪಳಿ ನೋಡಿ "ಆಹಾ ಕುಶಲಕಲೆ" ಅನ್ನುವವರಿಗೆ ಆ ಮಕ್ಕಳ ಕಣ್ಣು ಏನಾಯ್ತು ಅಂತಲೂ ಕೇಳಬೇಕು ಅನ್ಸುತ್ತೆ ನನಗೆ.

ಈಗ ಕೈಗಡಿಯಾರದ ವಿಷಯ. ಸ್ಪಾನ್ ಸ್ಟ್ರೀಟಿನ ರಾಥರ್‌ಹ್ಯಾಮ್ ಅಂಡ್ ಸನ್ಸ್ 1880ರ ದಶಕದಲ್ಲೇ ಅಮೆರಿಕದ ಯಂತ್ರಗಳನ್ನು ತರಿಸಿ ಹೊಸ ರೀತಿ ಕೆಲಸ ಶುರುಮಾಡಿದ್ದರು. ಹೆಂಗಸರ ಸಣ್ಣ ಜೇಬುಗಡಿಯಾರದ ಅಳತೆಯ ಲಿವರ್ ಮಷೀನು ಅವರ ಹತ್ತಿರ ಇತ್ತು. ಕೈಗೆ ಕಟ್ಟುವ ಕೇಸಿನಲ್ಲಿ ಅದನ್ನು ಹಾಕಿದ ವಾಚುಗಳಿವೆ. ನಿಜವಾದ ಮೊದಲ ಕಾಲದ ಇಂಗ್ಲಿಷ್ ಕೈಗಡಿಯಾರ ಅಂದರೆ ಅಂಥವೇ. ಕೊಳ್ಳೋಕೆ ಹುಡುಕಿದರೆ ವರ್ಷಗಟ್ಟಲೆ ಕಣ್ಣಿಗೆ ಬೀಳಲ್ಲ.

ಚಾವಿಕೊಟ್ಟವ
ಅಕ್ಕ, ಫ್ಯೂಸಿ ಅಂದ್ರೇನು? ಹೊಸಬ ನಾನು.

ತುಮಕೂರು_ನಿವೃತ್ತ
ಸ್ಪ್ರಿಂಗಿಗೆ ಪೂರ್ತಿ ಚಾವಿ ಕೊಟ್ಟಾಗ ಎಳೆತ ಜೋರು, ಬಿಚ್ಚುತ್ತಾ ಬಂದಂತೆ ಎಳೆತ ಸಡಿಲ. ಆ ಏರುಪೇರು ವಾಚಿನ ನಡೆಗೆ ತಟ್ಟುತ್ತೆ. ಅದಕ್ಕೆ ಬುಗುರಿ ಆಕಾರದ ಒಂದು ತಿರುಗಣಿ, ಮೈಮೇಲೆ ಸುರುಳಿ ಕಾಲುವೆ. ಸ್ಪ್ರಿಂಗ್ ಡಬ್ಬಿಯಿಂದ ಸರಪಳಿ ಬಂದು ಅದಕ್ಕೆ ಸುತ್ತಿಕೊಳ್ಳುತ್ತೆ. ಸ್ಪ್ರಿಂಗ್ ಜೋರಾಗಿದ್ದಾಗ ಸರಪಳಿ ಬುಗುರಿಯ ಸಣ್ಣ ತುದಿಯನ್ನು ಎಳೆಯುತ್ತೆ, ಸೋತಾಗ ಅಗಲ ಭಾಗವನ್ನು. ಹಾಗಾಗಿ ಚಕ್ರಗಳಿಗೆ ಮುಟ್ಟುವ ಬಲ ಹೆಚ್ಚೂಕಡಿಮೆ ಒಂದೇ ಸಮ. ಬುದ್ಧಿವಂತ ಉಪಾಯ. ಆದರೆ ಎತ್ತರ ಬೇಡುತ್ತೆ, ಜಾಗ ಬೇಡುತ್ತೆ. ಮಣಿಕಟ್ಟಿಗೆ ಕಟ್ಟುವ ವಾಚಿನಲ್ಲಿ ಆ ಜಾಗ ಎಲ್ಲಿಂದ ತರೋದು? ಸ್ವಿಸ್ಸರೂ ಅಮೆರಿಕದವರೂ ಅದನ್ನು ಕೈಬಿಟ್ಟು ಬಹಳ ಕಾಲವಾದ ಮೇಲೂ ಇಂಗ್ಲಿಷರು ಬಿಟ್ಟಿರಲಿಲ್ಲ.

ನೇರಮಾತು
ಅಂದ್ರೆ ಸೋತವರ ಕಥೆ ಇದು. ಸ್ವಿಸ್ಸರು ಗೆದ್ದರು, ಮುಗೀತು. ಸೋತವರ ಕೆಲಸವನ್ನು ಯಾಕೆ ಇಷ್ಟು ಹೊಗಳಬೇಕು?

ಹಳೇಮಷೀನು
ಹೊಗಳ್ತಿಲ್ಲ ಸ್ವಾಮಿ. ಯಾಕೆ ಸೋತರು ಅನ್ನೋದೇ ಸ್ವಾರಸ್ಯ.

ಬುದ್ಧಿಗೆ ಬರ ಇರಲಿಲ್ಲ. ಲಿವರ್ ಎಸ್ಕೇಪ್‌ಮೆಂಟೇ 18ನೇ ಶತಮಾನದ ಲಂಡನ್ನಿನ ಥಾಮಸ್ ಮಡ್ಜ್ ಅವರದ್ದು. ವಾಚಿನಲ್ಲಿ ಕಲ್ಲು ಕೂರಿಸೋದಕ್ಕೆ ನಿಕೊಲಾ ಫಾಷಿಯೊ ಪೇಟೆಂಟ್ ತೆಗೆದಿದ್ದು 1704ರಲ್ಲಿ, ಅದೂ ಲಂಡನ್ನಿನಲ್ಲೇ. ಹಡಗುಗಳು ದಾರಿ ಕಂಡುಕೊಳ್ಳೋಕೆ ಜಾನ್ ಹ್ಯಾರಿಸನ್ ಮಾಡಿದ ಕಡಲ ಗಡಿಯಾರ ಹೇಳೋದೇ ಬೇಡ. ಇಷ್ಟಿದ್ದೂ, 1840ರ ದಶಕದಲ್ಲಿ ಇಂಗೋಲ್ಡ್ ಅನ್ನುವ ಸ್ವಿಸ್ ಮನುಷ್ಯ ಲಂಡನ್ನಿಗೆ ಬಂದು ಯಂತ್ರದಿಂದ ವಾಚಿನ ಬಿಡಿಭಾಗ ಮಾಡುವ ಕಂಪನಿಗೆ ಕೈಹಾಕಿದಾಗ ಕ್ಲರ್ಕನ್‌ವೆಲ್ಲಿನವರು ಒಟ್ಟಾಗಿ ವಿರೋಧಿಸಿದರು. 1843ರಲ್ಲಿ ಆ ಕಂಪನಿಗೆ ಒಪ್ಪಿಗೆ ಕೊಡುವ ಮಸೂದೆ ಪಾರ್ಲಿಮೆಂಟಿನಲ್ಲಿ ಬಿತ್ತು. ಅವರ ಭಯ ಸುಳ್ಳಲ್ಲ, ಕೆಲಸ ಹೋಗುತ್ತಿತ್ತು. ಆದರೆ ಆ ಕೆಲಸ ಹೇಗೂ ಹೋಯಿತು, ಅಮೆರಿಕಕ್ಕೆ, ಆಮೇಲೆ ಸ್ವಿಟ್ಜರ್ಲೆಂಡಿಗೆ. ಪ್ರೆಸ್ಕಾಟಿನಲ್ಲಿ ಲ್ಯಾಂಕಶೈರ್ ವಾಚ್ ಕಂಪನಿ ಅಂತ ದೊಡ್ಡ ಕಾರ್ಖಾನೆ ಎದ್ದಿದ್ದು 1889ರಲ್ಲಿ. ಯುದ್ಧ ಶುರುವಾಗಿ ಸೈನಿಕರೆಲ್ಲ ಕೈಗಡಿಯಾರ ಕೇಳುವ ಹೊತ್ತಿಗೆ ಅದು ಬಾಗಿಲು ಹಾಕಿ ಆಗಿತ್ತು. ಎಂಥ ಗಳಿಗೆ ನೋಡಿ.

ಮುಂಚೆ ಕೈಗೆ ಕಟ್ಟುವ ವಾಚು ಅಂದರೆ ಹೆಂಗಸರ ಒಡವೆ ಅಂತ ಗಂಡಸರು ಮೂಗು ಮುರಿಯುತ್ತಿದ್ದರು. ಫಿರಂಗಿ ದಾಳಿಗೂ ಕಾಲಾಳುಗಳ ಮುನ್ನಡೆಗೂ ನಿಮಿಷ ಹೊಂದಿಸಬೇಕಾಗಿ ಬಂದಾಗ, ಕಂದಕದ ಕೆಸರಿನಲ್ಲಿ ಕೋಟಿನ ಗುಂಡಿ ಬಿಚ್ಚಿ ಜೇಬಿನಿಂದ ವಾಚು ತೆಗೆಯೋದು ಯಾರಿಗಾಗುತ್ತೆ? ಬೇಡಿಕೆ ಒಮ್ಮೆಗೇ ಏರಿತು. ಪೂರೈಸಿದ್ದು ಸ್ವಿಸ್ಸರು.

ಕೊವೆಂಟ್ರಿವಾಸಿ
ಇದಕ್ಕೊಂದು ಸೇರಿಸ್ತೀನಿ. ರೋಲೆಕ್ಸ್ ಹುಟ್ಟಿದ್ದೇ ಲಂಡನ್ನಿನಲ್ಲಿ, ವಿಲ್ಸ್‌ಡಾರ್ಫ್ ಅಂಡ್ ಡೇವಿಸ್ ಅಂತ, 1905ರಲ್ಲಿ. ಮಷೀನು ಮಾತ್ರ ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಎಗ್ಲರ್ ಕಾರ್ಖಾನೆಯದ್ದು. 1914ರಲ್ಲಿ ಅವರ ಪುಟ್ಟ ಕೈಗಡಿಯಾರವೊಂದು ಗಡಿಯಾರಗಳ ನಿಖರತೆ ಪರೀಕ್ಷಿಸುತ್ತಿದ್ದ ಕ್ಯೂ ವೀಕ್ಷಣಾಲಯದ ಎ ದರ್ಜೆ ಪ್ರಮಾಣಪತ್ರ ಗೆದ್ದಿತು. 45 ದಿನದ ಪರೀಕ್ಷೆ, ಐದು ಭಂಗಿಯಲ್ಲಿ, ಮೂರು ತಾಪಮಾನದಲ್ಲಿ. ದೊಡ್ಡ ಜೇಬುಗಡಿಯಾರಗಳಿಗೇ ಕಷ್ಟದ್ದು. ಮರುವರ್ಷ, 1915ರಲ್ಲಿ, ಬ್ರಿಟನ್ ಸರ್ಕಾರ ಆಮದು ವಾಚುಗಳ ಮೇಲೆ ಶೇ. 33⅓ ಸುಂಕ ಹಾಕಿತು. ವಿಲ್ಸ್‌ಡಾರ್ಫ್ 1919ರಲ್ಲಿ ಜಿನೀವಾಕ್ಕೆ ಹೋದರು. ಆ ಸುಂಕದ ನೆರಳಿನಲ್ಲಿ ಇಂಗ್ಲಿಷ್ ಉದ್ಯಮ ಚಿಗುರಬೇಕಿತ್ತು, ಆದರೆ ಆ ಹೊತ್ತಿಗೆ ಕಾರ್ಖಾನೆಗಳು ಯುದ್ಧದ ಸಾಮಗ್ರಿ ಮಾಡುತ್ತಿದ್ದವು.

ಬೆಳ್ಳಿಕೇಸು
ಕಂಪನಿ ಹೆಸರು ಡಯಲ್ ಮೇಲೆ ಇಲ್ಲದಿರೋದಕ್ಕೆ ಅಂಗಡಿಯವರೇ ಕಾರಣವಾ?

ಹಳೇಮಷೀನು
ಹೌದು. ಬ್ರಿಟಿಷ್ ಅಂಗಡಿಯವರಿಗೆ ಬೇರೆಯವರ ಹೆಸರು ಬೇಡ. ಖಾಲಿ ಡಯಲ್ ತರಿಸಿಕೊಂಡು ಬೇಕಿದ್ದರೆ ತಮ್ಮ ಹೆಸರು ಬರೆಸುತ್ತಿದ್ದರು.

ಒಂದು ಎಚ್ಚರಿಕೆ. ನೀವು ಹಾಕಿದ ಫೋಟೋದಲ್ಲಿ ಮುಳ್ಳುಗಳೊಳಗೆ, ಅಂಕಿಗಳ ಮೇಲೆ ಕಂದು ಬಣ್ಣದ ಪುಡಿ ಇದೆ. ಅದು ರೇಡಿಯಂ. ಕತ್ತಲಲ್ಲಿ ಈಗ ಹೊಳೆಯಲ್ಲ, ಹೊಳೆಯುವ ಸತು ಸಲ್ಫೈಡ್ ಸತ್ತುಹೋಗಿರುತ್ತೆ. ರೇಡಿಯಂ ಸತ್ತಿಲ್ಲ, ಅದರ ಅರ್ಧಾಯುಷ್ಯ ಸುಮಾರು 1600 ವರ್ಷ. ಕೆರೆಯಬೇಡಿ, ಊದಬೇಡಿ, "ಕ್ಲೀನ್ ಮಾಡಿಕೊಡ್ತೀನಿ" ಅನ್ನುವ ರಿಪೇರಿಯವರಿಗೆ ಮುಂಚೆಯೇ ಹೇಳಿ. ಗಾಜು ಮುಚ್ಚಿಟ್ಟು ಪೆಟ್ಟಿಗೆಯಲ್ಲಿಟ್ಟರೆ ಭಯಪಡುವಂಥದ್ದಿಲ್ಲ, ದಿನಾ ಕಟ್ಟಿಕೊಂಡು ಮಲಗಬೇಡಿ.

ಚಾವಿಕೊಟ್ಟವ
ಆಟೊಮ್ಯಾಟಿಕ್ ಕೈಗಡಿಯಾರ ಮೊದಲು ಮಾಡಿದ್ದೂ ಇಂಗ್ಲಿಷರೇ ಅಂತ ಎಲ್ಲೋ ಓದಿದ ನೆನಪು. ಹೌದಾ?

ಕೊವೆಂಟ್ರಿವಾಸಿ
ಜಾನ್ ಹಾರ್ವುಡ್. ಬೋಲ್ಟನ್ನಿನಲ್ಲಿ ಹುಟ್ಟಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ವಾಚ್ ರಿಪೇರಿ ಮಾಡುತ್ತಿದ್ದವರು. ರಿಪೇರಿಗೆ ಬರುವ ವಾಚುಗಳಲ್ಲಿ ಧೂಳು, ತೇವ ನುಗ್ಗೋದೇ ಚಾವಿ ತಲೆಯ ತೂತಿನಿಂದ. ಆ ತೂತೇ ಇಲ್ಲದಿದ್ದರೆ? ಒಳಗೆ ಒಂದು ತೂಕದ ತುಂಡು ಇಟ್ಟರು, ಕೈ ಅಲ್ಲಾಡಿದಾಗ ಅದು ಆಕಡೆ ಈಕಡೆ ಹೋಗಿ ಸ್ಪ್ರಿಂಗ್ ಬಂಪರಿಗೆ ತಾಗಿ ವಾಪಸ್ ಬರುತ್ತೆ, ಹಾಗೇ ಸ್ಪ್ರಿಂಗ್ ಸುತ್ತಿಕೊಳ್ಳುತ್ತೆ. ಟೈಮು ಹೊಂದಿಸೋಕೆ ಗಾಜಿನ ಸುತ್ತಲಿನ ಬಳೆಯನ್ನೇ ತಿರುಗಿಸಬೇಕು. ಡಯಲ್ಲಿನಲ್ಲಿ 6ರ ಹತ್ತಿರ ಪುಟ್ಟ ಕಿಂಡಿ, ವಾಚು ಯಾವ ಸ್ಥಿತಿಯಲ್ಲಿದೆ ಅಂತ ಅಲ್ಲಿನ ಚುಕ್ಕೆಯ ಬಣ್ಣ ಹೇಳುತ್ತೆ. ಪೂರ್ತಿ ತುಂಬಿದರೆ ಸುಮಾರು 12 ಗಂಟೆ ನಡೆಯುತ್ತಿತ್ತು.

ವಾಚು ಮಾತ್ರ ಸ್ವಿಟ್ಜರ್ಲೆಂಡಿನಲ್ಲೇ ಆಯಿತು, ಫೋರ್ಟಿಸ್, ಬ್ಲಾಂಕ್‌ಪೇನ್ ಕಾರ್ಖಾನೆಗಳಲ್ಲಿ. 1931ಕ್ಕೆ ಆರ್ಥಿಕ ಕುಸಿತದಲ್ಲಿ ಹಾರ್ವುಡ್ ಕಂಪನಿ ಮುಳುಗಿತು.

ನೇರಮಾತು
ಐಲ್ ಆಫ್ ಮ್ಯಾನ್ ಇಂಗ್ಲೆಂಡಲ್ಲ 🙂

ಕೊವೆಂಟ್ರಿವಾಸಿ
ಬೋಲ್ಟನ್ ಇಂಗ್ಲೆಂಡೇ 🙂

ದಾವಣಗೆರೆ_ಸ್ಮಿತ್ಸ್
ತಡವಾಗಿ ಬಂದೆ. ಇಂಗ್ಲಿಷ್ ಅಂತ ಧೈರ್ಯವಾಗಿ ಹೇಳಿ ಕೈಗೆ ಕಟ್ಟಿಕೊಳ್ಳಬೇಕು ಅಂದರೆ ಸ್ಮಿತ್ಸ್ ತಗೊಳ್ಳಿ. ಎರಡನೇ ಯುದ್ಧದಲ್ಲಿ ಬ್ರಿಟನ್ನಿಗೆ ಗೊತ್ತಾಗಿದ್ದು ಏನು? ಕಲ್ಲು ಕೂರಿಸಿದ ಒಳ್ಳೇ ಲಿವರ್ ವಾಚನ್ನು ದೊಡ್ಡ ಸಂಖ್ಯೆಯಲ್ಲಿ ಮಾಡುವ ಕಾರ್ಖಾನೆಯೇ ದೇಶದಲ್ಲಿ ಉಳಿದಿಲ್ಲ ಅಂತ. ಯುದ್ಧವಾದ ಮೇಲೆ ಸರ್ಕಾರದ ಒತ್ತಾಸೆಯೂ ಸಿಕ್ಕಿ ಚೆಲ್ಟನ್‌ಹ್ಯಾಮ್ ಹತ್ತಿರದ ಸ್ಮಿತ್ಸ್ ಕಾರ್ಖಾನೆಯಿಂದ 1947ರಲ್ಲಿ 15 ಜ್ಯೂಯೆಲ್ಲಿನ ಡಿ ಲಕ್ಸ್ ಬಂತು. ಸ್ಪ್ರಿಂಗು, ಬ್ಯಾಲೆನ್ಸು, ಡಯಲ್ಲು ಎಲ್ಲ ಅಲ್ಲೇ.

1953ರ ಎವರೆಸ್ಟ್ ದಂಡಯಾತ್ರೆಗೆ ರೋಲೆಕ್ಸೂ ಹೋಗಿತ್ತು, ಸ್ಮಿತ್ಸೂ ಹೋಗಿತ್ತು. ಶಿಖರದ ಮೇಲೆ ಹಿಲರಿ ಹತ್ತಿರ ಇದ್ದದ್ದು ಸ್ಮಿತ್ಸ್. ಅದು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿರುವ ಕ್ಲಾಕ್‌ಮೇಕರ್ಸ್ ಸಂಗ್ರಹದಲ್ಲಿದೆ. ಇದನ್ನು ಹೇಳಿದರೆ ರೋಲೆಕ್ಸ್ ಅಭಿಮಾನಿಗಳು ಜಗಳಕ್ಕೆ ಬರ್ತಾರೆ, ಬರಲಿ.

ಎಚ್ಚರ: ಸ್ಮಿತ್ಸ್ ಅಂತ ಬರೆದಿದ್ದೆಲ್ಲ ಚೆಲ್ಟನ್‌ಹ್ಯಾಮಿನದಲ್ಲ. ವೇಲ್ಸಿನ ಅಸ್ಟ್ರಡ್‌ಗಿನ್‌ಲೈಸ್ ಊರಿನಲ್ಲಿ ಇನ್ನೊಂದು ಕಾರ್ಖಾನೆ, ಸ್ಥಳೀಯರ ಬಾಯಲ್ಲಿ 'ಟಿಕ್ ಟಾಕ್'. ಅಲ್ಲಿನವು ಪಿನ್ ಪ್ಯಾಲೆಟ್ ವಾಚು, ಕಲ್ಲಿನ ಬದಲು ಉಕ್ಕಿನ ಪಿನ್ನು. ಅಗ್ಗದ್ದು, ಸದ್ದು ಜಾಸ್ತಿ. ಕೆಟ್ಟದ್ದಂತ ಅಲ್ಲ, ಆದರೆ ಚೆಲ್ಟನ್‌ಹ್ಯಾಮ್ ಬೆಲೆ ಕೊಡಬೇಡಿ. 1967ರಿಂದ 1970ರವರೆಗೆ ಬ್ರಿಟಿಷ್ ಸೇನೆಗೆ ಮಾಡಿದ ಡಬ್ಲ್ಯೂ10 ಅನ್ನೋದು ಚೆಲ್ಟನ್‌ಹ್ಯಾಮಿನ ಕೊನೆಯ ಒಳ್ಳೇ ಕೆಲಸ. ಈಗ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತೆ, ಹಾಗಾಗಿ ಹೊಸದಾಗಿ ಪ್ರಿಂಟ್ ಮಾಡಿದ ಡಯಲ್ ಹಾಕಿ ಮಾರುವವರೂ ಬಹಳ. ಅಕ್ಷರದ ಅಂಚು ಲೂಪಿನಲ್ಲಿ ಒರಟೊರಟಾಗಿ ಕಂಡರೆ ಮುಂದೆ ಹೋಗಬೇಡಿ.

ನೇರಮಾತು
ಸ್ಮಿತ್ಸ್ ಯಂತ್ರದ ಮಾಲು. ಈ ಚರ್ಚೆಯ ಹೆಸರಿನಲ್ಲಿ ಕುಶಲಕಲೆ ಅಂತೆಲ್ಲ ಮಾತಾಡಿದಿರಲ್ಲ, ಅದೆಲ್ಲಿ?

ತುಮಕೂರು_ನಿವೃತ್ತ
ಯಂತ್ರ ಮಾಡಿದ್ದೂ ಕೈ ಸೇರದೆ ವಾಚಾಗಲ್ಲ. ಅದಿರಲಿ, ನೀವು ಕೇಳುವ ಕುಶಲತೆ ಇದು ಅಂತ ಒಂದು ಉದಾಹರಣೆ ಕೊಡ್ತೀನಿ. ಒಳ್ಳೇ ಇಂಗ್ಲಿಷ್ ಮಷೀನಿನಲ್ಲಿ ತಟ್ಟೆ ಮಂಜುಮಂಜಾದ ಚಿನ್ನದ ಬಣ್ಣ, ಸ್ಕ್ರೂ ಕಡುನೀಲಿ. ಆ ಚಿನ್ನದ ಬಣ್ಣ ಹಳೇ ಕಾಲದಲ್ಲಿ ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು ಕಾಸಿ ಹಿಡಿಸಿದ್ದು. ಹೊಗೆ ಕುಡಿದವರ ಆರೋಗ್ಯ ಕೇಳಬೇಡಿ.

ಸ್ಕ್ರೂವಿನ ನೀಲಿ ಬಣ್ಣ ಬಳಿದದ್ದಲ್ಲ. ಮೊದಲು ತಲೆಯನ್ನು ತವರದ ಹಲಗೆ ಮೇಲೆ ಡಯಮಂಟೀನ್ ಅನ್ನೋ ನುಣ್ಣನೆಯ ಪಾಲಿಶ್ ಪುಡಿಯಲ್ಲಿ ಉಜ್ಜಬೇಕು, ಒಂದು ಕೋನದಿಂದ ನೋಡಿದರೆ ಕನ್ನಡಿ, ಇನ್ನೊಂದು ಕೋನದಿಂದ ಕಪ್ಪು ಕಾಣುವವರೆಗೆ. ಬೆರಳ ಜಿಡ್ಡು ಒಂದು ಚೂರೂ ಇರಬಾರದು, ಇದ್ದರೆ ಅಲ್ಲಿ ಕಲೆ. ತಟ್ಟೆಯಲ್ಲಿ ಹಿತ್ತಾಳೆ ಚೂರು ಹರಡಿ ಸ್ಕ್ರೂ ನೆಟ್ಟು ಕೆಳಗೆ ಸ್ಪಿರಿಟ್ ದೀಪ. ಮೊದಲು ತಿಳಿಹಳದಿ ಬರುತ್ತೆ, ಕಂದಾಗುತ್ತೆ, ನೇರಳೆಯಾಗುತ್ತೆ, 300 ಡಿಗ್ರಿ ಆಸುಪಾಸಿನಲ್ಲಿ ಕಡುನೀಲಿ. ಅಲ್ಲೇ ತೆಗೆಯಬೇಕು. ಕಣ್ಣು ಆಚೀಚೆ ಹೋಯಿತೋ, ಬಣ್ಣ ತೇಲಿ ಬೂದಾಗುತ್ತೆ, ಮತ್ತೆ ಉಜ್ಜೋದರಿಂದ ಶುರು. ನೇರಳೆಯಿಂದ ನೀಲಿಗೆ ಹೋಗೋದು ಬಹಳ ಬೇಗ, ಅದನ್ನು ಯಾರೂ ಬಾಯಲ್ಲಿ ಹೇಳಿಕೊಡೋಕಾಗಲ್ಲ.

ಹಳೇಮಷೀನು
ಇದನ್ನೆಲ್ಲ ಒಬ್ಬರೇ ಕಲಿತವರೂ ಇದ್ದಾರೆ. ಜಾರ್ಜ್ ಡೇನಿಯಲ್ಸ್, 1926ರಿಂದ 2011. ಮೇಡಂ ಮೇಲೆ ಬರೆದ ಹಾಗೆ ಇಂಗ್ಲೆಂಡಿನಲ್ಲಿ ಹತ್ತಾರು ಕಸುಬಿಗೆ ಹತ್ತಾರು ಜನ. ಅದನ್ನೇ ತಿರುವುಮುರುವು ಮಾಡಿದವರು ಇವರು: ಸ್ಪ್ರಿಂಗು, ಕಲ್ಲಿನಂಥ ಒಂದೆರಡು ಬಿಟ್ಟು ಕೇಸು, ಡಯಲ್ಲು, ಮುಳ್ಳು, ಚಕ್ರ ಎಲ್ಲ ತಮ್ಮ ಕೈಯಲ್ಲೇ. ರಾಯರು ಹೇಳಿದ ಆ ಜಾರುವ ತಿಕ್ಕಾಟ ಇದೆಯಲ್ಲ, ಎಣ್ಣೆ ಬೇಡುವುದೇ ಅದು. ಅದನ್ನು ಕಡಿಮೆ ಮಾಡೋಕೆ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್ ಕಂಡುಹಿಡಿದರು. ಸ್ವಿಸ್ ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಕೊನೆಗೆ 1999ರಲ್ಲಿ ಒಮೆಗಾ ಅದನ್ನು ಮಾರುಕಟ್ಟೆಗೆ ತಂತು. ಅವರ ಶಿಷ್ಯ ರೋಜರ್ ಸ್ಮಿತ್ ಈಗಲೂ ವರ್ಷಕ್ಕೆ ಬೆರಳೆಣಿಕೆಯ ಕೈಗಡಿಯಾರ ಮಾಡ್ತಾರೆ. ಎಲ್ಲಿ ಅಂತ ಹೇಳಲ್ಲ, ನೇರಮಾತು ಅವರು ಮತ್ತೆ ಜಗಳ ತೆಗೀತಾರೆ.

ನೇರಮಾತು
ಐಲ್ ಆಫ್ ಮ್ಯಾನ್ 😄 ಆಯ್ತು, ಈ ಸಲ ಬಿಟ್ಟೆ.

ಚಾವಿಕೊಟ್ಟವ
ದಾವಣಗೆರೆ ಅಣ್ಣನ ಮಾತು ಕೇಳಿ ಒಂದು ಸ್ಮಿತ್ಸ್ ಡಿ ಲಕ್ಸ್ ನೋಡಿಟ್ಟಿದ್ದೀನಿ. ಮುಚ್ಚಳ ತೆಗೆದ ಫೋಟೋದಲ್ಲಿ ಮಷೀನು ಚೆನ್ನಾಗಿದೆ, ಡಯಲ್ಲೂ ಮೂಲದ್ದೇ. ಮೇನ್ ಸ್ಪ್ರಿಂಗ್ ಮುರಿದಿದೆಯಂತೆ. ಸಿಗುತ್ತಾ?

ತುಮಕೂರು_ನಿವೃತ್ತ
ಸಿಗುತ್ತೆ. ವಾಚಿನ ಹೆಸರು ಹೇಳಿ ಸ್ಪ್ರಿಂಗ್ ಕೇಳಬೇಡಿ, ಅಳತೆ ಹೇಳಿ. ಡಬ್ಬಿಯ ಒಳವ್ಯಾಸ, ಮುರಿದ ಸ್ಪ್ರಿಂಗಿನ ಅಗಲ, ದಪ್ಪ, ಇಷ್ಟು ಬರೆದಿಟ್ಟುಕೊಳ್ಳಿ. ದಪ್ಪವನ್ನು ಮೈಕ್ರೋಮೀಟರಿನಲ್ಲೇ ಅಳೆಯಬೇಕು, ಸ್ವಲ್ಪ ದಪ್ಪದ್ದು ಹಾಕಿದರೂ ಬ್ಯಾಲೆನ್ಸ್ ಅತಿಯಾಗಿ ಬೀಸಿ ಬಡಿಯುತ್ತೆ. ಹೊರತುದಿಯ ಕೊಕ್ಕೆ ಯಾವ ಥರದ್ದು ಅಂತ ಫೋಟೋ ತೆಗೆದು ಇಲ್ಲೇ ಹಾಕಿ. ಮತ್ತೆ ಮುರಿದ ಚೂರು ಎಸೆಯಬೇಡಿ, ಸ್ಪ್ರಿಂಗ್ ಮುರಿದಾಗ ಆ ಪೆಟ್ಟಿಗೆ ಪಕ್ಕದ ಚಕ್ರದ ಹಲ್ಲೂ ಹೋಗಿರುತ್ತೆ ಕೆಲವು ಸಲ. ಹಣ ಕೊಡುವ ಮುಂಚೆ ಅದನ್ನೊಮ್ಮೆ ನೋಡಿಸಿ.